ಹೆಜ್ಜೆ ಊರಿದ ಊರು

ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯಲ್ಲಿರುವ ಸೇಂಟ್ ಲೂಯಿಸ್ ನಗರದಲ್ಲಿ 630 ಅಡಿ ಎತ್ತರದ ಉಕ್ಕಿನ ಕಮಾನೊಂದಿದೆ. 1965ರಲ್ಲಿ ಕಟ್ಟಿ ಮುಗಿಸಿದ್ದು. ಪ್ರವಾಸಿಗರು ಅದರೊಳಗಿನ ಪುಟ್ಟ ಟ್ರಾಮಿನಲ್ಲಿ ಕೂತು ತುದಿಗೇರುತ್ತಾರೆ. ಪಶ್ಚಿಮದ ಕಿಟಕಿಗಳಲ್ಲಿ ನಗರದ ವೈಭವ ಕಾಣುತ್ತದೆ. ಪೂರ್ವದ ಕಿಟಕಿಗಳಲ್ಲಿ ನದಿ, ಸೇತುವೆಗಳು, ರೈಲು ಹಳಿಗಳು, ಅವುಗಳಾಚೆ ಇನ್ನೊಂದು ಊರು. ಅದು ಈಸ್ಟ್ ಸೇಂಟ್ ಲೂಯಿಸ್. ಹೆಸರಿನಲ್ಲಷ್ಟೇ ನೆಂಟಸ್ತನ. ರಾಜ್ಯ ಬೇರೆ, ತೆರಿಗೆ ಬೇರೆ, ಬದುಕೂ ಬೇರೆ. ಕಾರ್ಖಾನೆಗಳು ಮುಚ್ಚಿ, ಬಿಳಿಯರು ಬಿಟ್ಟುಹೋಗಿ, ಉಳಿದ ಕಪ್ಪು ಜನ ಬಡತನದಲ್ಲಿ ದಿನ ದೂಡುತ್ತಿದ್ದ ಊರು ಅದು.

1967ರಲ್ಲಿ ಈ ಊರಿನಲ್ಲಿ ನೆಲೆಸಲು ಒಬ್ಬ ನರ್ತಕಿ ಬಂದರು. ವಯಸ್ಸು 58. ಬ್ರಾಡ್‌ವೇಯಲ್ಲಿ, ಹಾಲಿವುಡ್‌ನಲ್ಲಿ, ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಕುಣಿದು ಮನೆಮಾತಾಗಿದ್ದವರು. ಐವತ್ತಕ್ಕೂ ಹೆಚ್ಚು ದೇಶಗಳನ್ನು ತಮ್ಮ ತಂಡದೊಂದಿಗೆ ಸುತ್ತಿದ್ದವರು. ಹೈಟಿಯ ರಾಜಧಾನಿಯಲ್ಲಿ ಅವರಿಗೆ ಮರಗಿಡಗಳ ನಡುವೆ ವಿಶಾಲವಾದ ತೋಟದ ಮನೆಯಿತ್ತು. ಸೆನೆಗಲ್ ದೇಶದ ಅಧ್ಯಕ್ಷರು ಕರೆದು ಸಲಹೆ ಕೇಳುತ್ತಿದ್ದರು. ಅಂಥವರು ಹೋಗಲು ಲೋಕದಲ್ಲಿ ಜಾಗಕ್ಕೆ ಬರವಿರಲಿಲ್ಲ. ಆದರೂ ಕ್ಯಾಥರಿನ್ ಡನಮ್ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಮನೆ ಮಾಡಿದರು. ಮೂರು ದಶಕ ಅಲ್ಲಿಯವರಾಗಿ ಬಾಳಿದರು.

ಇದನ್ನು ತ್ಯಾಗದ ಕಥೆಯಾಗಿ ಹೇಳುವವರುಂಟು. ಕಾಲಿಗೆ ಶಕ್ತಿ ಕುಂದಿದ ಮೇಲೆ ಕಲಾವಿದೆ ಸಮಾಜಸೇವೆಗೆ ಇಳಿದರು ಎಂದು ಬರೆದು ಮುಗಿಸುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಾಗುವುದಿಲ್ಲ. ಅವರ ಬದುಕನ್ನು ಮೊದಲಿನಿಂದ ನೋಡುತ್ತ ಬಂದರೆ, ರಂಗದ ಮೇಲೆ ಮಾಡಿದ್ದೂ ಈ ಕೇರಿಗಳಲ್ಲಿ ಮಾಡಿದ್ದೂ ಒಂದೇ ಕೆಲಸ ಎಂಬುದು ಕಾಣುತ್ತದೆ. ಆ ಕೆಲಸದ ಪಾಠ ಅವರಿಗೆ ಆಗಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಜಮೈಕಾದ ಒಂದು ಗುಡ್ಡದ ಹಳ್ಳಿಯಲ್ಲಿ.

ದರ್ಜಿಯ ಮಗಳು

ಡನಮ್ ಹುಟ್ಟಿದ್ದು 1909ರ ಜೂನ್ 22ರಂದು, ಇಲಿನಾಯ್ ರಾಜ್ಯದಲ್ಲಿ. ತಂದೆ ಕಪ್ಪು ವರ್ಣದವರು, ದರ್ಜಿ. ತಾಯಿ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು, ಫ್ರೆಂಚ್ ಕೆನಡಾದ ಮತ್ತು ಅಮೆರಿಕದ ಮೂಲನಿವಾಸಿಗಳ ರಕ್ತ ಬೆರೆತ ಮನೆತನದವರು. ಮಗಳಿಗೆ ತಿಳಿವು ಮೂಡುವ ಮೊದಲೇ ತಾಯಿ ತೀರಿಕೊಂಡರು. ತಂದೆ ಮರುಮದುವೆಯಾಗಿ ಜೋಲಿಯೆಟ್ ಎಂಬ ಊರಿಗೆ ಹೋಗಿ ಬಟ್ಟೆ ಡ್ರೈಕ್ಲೀನಿಂಗ್ ಅಂಗಡಿ ಇಟ್ಟರು. ಮಕ್ಕಳೂ ಅಂಗಡಿಯಲ್ಲಿ ದುಡಿಯಬೇಕಿತ್ತು. ತಂದೆಯ ಸಿಟ್ಟು, ಮನೆಯ ಬಿಗಿ, ಮಲತಾಯಿಯ ಅಕ್ಕರೆ ಎಲ್ಲವನ್ನೂ ಅವರು 1959ರಲ್ಲಿ ಪ್ರಕಟವಾದ ‘ಎ ಟಚ್ ಆಫ್ ಇನ್ನೊಸೆನ್ಸ್’ ಎಂಬ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ.

ಜೋಲಿಯೆಟ್‌ನ ದಿನಗಳಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಹದಿಹರೆಯದ ಹುಡುಗಿ ತಮ್ಮ ಕೇರಿಯ ಮೆಥಡಿಸ್ಟ್ ಚರ್ಚಿಗೆ ಹಣ ಕೂಡಿಸಿಕೊಡಲು ಒಂದು ಹಾಡುಕುಣಿತದ ಕಾರ್ಯಕ್ರಮ ಏರ್ಪಡಿಸಿದಳು. ಚರ್ಚಿಗೂ ಕ್ಯಾಬರೆಗೂ ಎಲ್ಲಿಯ ನಂಟು ಎಂದು ಹಿರಿಯರು ಹುಬ್ಬೇರಿಸುವಂಥದ್ದು ಅದು. ಆಕೆ ಜನರೆದುರು ಮೊದಲ ಬಾರಿ ಕುಣಿದದ್ದು ಅಲ್ಲೇ. ಹಾಗಾಗಿ ಡನಮ್ ಅವರ ಮೊದಲ ಪ್ರದರ್ಶನವೇ ಊರಿನ ಒಂದು ಅಗತ್ಯಕ್ಕಾಗಿ ನಡೆದದ್ದು.

ಅಣ್ಣ ಆಲ್ಬರ್ಟ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುತ್ತಿದ್ದ. ತಂಗಿಯೂ ಹಿಂದೆಯೇ ಹೋದಳು. ಗ್ರಂಥಾಲಯದಲ್ಲಿ ನೌಕರಿ, ಸಂಜೆ ನೃತ್ಯ, ನಡುವೆ ತರಗತಿ. ರಷ್ಯಾದಿಂದ ಬಂದ ಲುಡ್ಮಿಲಾ ಸ್ಪೆರಾಂಜೆವಾ ಅವರಿಂದ ಬ್ಯಾಲೆ ಕಲಿತರು. ವೆರಾ ಮಿರೋವಾ ಅವರಿಂದ ಭಾರತ, ಜಾವಾ, ಬಾಲಿಯ ನೃತ್ಯಗಳ ಪರಿಚಯವೂ ಆಯಿತು. ಮಾನವಶಾಸ್ತ್ರದ ಮೇಷ್ಟ್ರು ರಾಬರ್ಟ್ ರೆಡ್‌ಫೀಲ್ಡ್ ಒಂದು ದಿನ, ಅಮೆರಿಕದ ಕಪ್ಪು ಜನರ ಕುಣಿತದಲ್ಲಿ ಆಫ್ರಿಕಾದಿಂದ ಉಳಿದು ಬಂದದ್ದು ಎಷ್ಟೋ ಇದೆ ಎಂದು ಪಾಠದಲ್ಲಿ ಹೇಳಿದರು. ಕುಣಿತವೂ ಓದೂ ಅವರ ತಲೆಯಲ್ಲಿ ಅಂದು ಕೂಡಿಕೊಂಡವು.

ಕ್ಷೇತ್ರಕಾರ್ಯಕ್ಕೆ ಹಣ ಬೇಕಿತ್ತು. ಕಪ್ಪು ಜನರ ಶಿಕ್ಷಣಕ್ಕೆ ನೆರವಾಗುತ್ತಿದ್ದ ರೋಸೆನ್‌ವಾಲ್ಡ್ ನಿಧಿಯವರು ಸಂದರ್ಶನಕ್ಕೆ ಕರೆದರು. ಏನು ಅಧ್ಯಯನ ಮಾಡುತ್ತೀಯಮ್ಮ ಎಂದು ಕೇಳಿದಾಗ ಅವರು ಮಾತಾಡಲಿಲ್ಲವಂತೆ. ತೊಟ್ಟಿದ್ದ ಶಿಸ್ತಿನ ಸೂಟ್ ಕಳಚಿ, ಒಳಗಿದ್ದ ನೃತ್ಯದ ಉಡುಪಿನಲ್ಲಿ ನಿಂತು, ಆಗ ಶಾಲೆಗಳಲ್ಲಿ ಕಲಿಸುತ್ತಿದ್ದ ಕುಣಿತ ಮೊದಲು ತೋರಿಸಿದರು. ತಾವು ಹುಡುಕಲು ಹೊರಟ ಕುಣಿತ ಹೇಗಿರುತ್ತದೆ ಎಂಬುದನ್ನು ಆಮೇಲೆ ತೋರಿಸಿದರು. ಅವರೇ ಹೇಳುತ್ತಿದ್ದ ಕಥೆ ಇದು. ಹಣ ಸಿಕ್ಕಿತು. 1935ರಲ್ಲಿ ಕೆರಿಬಿಯನ್ ದ್ವೀಪಗಳತ್ತ ಹೊರಟರು.

ಅಕಾಂಪಾಂಗ್ ಕಲಿಸಿದ್ದು

ಜಮೈಕಾದ ಒಳನಾಡಿನಲ್ಲಿ, ಸುಣ್ಣಕಲ್ಲಿನ ಗುಡ್ಡಗಳ ನಡುವೆ ಅಕಾಂಪಾಂಗ್ ಇದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಆಫ್ರಿಕನ್ನರ ವಂಶಸ್ಥರು, ಮರೂನ್ ಜನ, ಅಲ್ಲಿ ವಾಸಿಸುತ್ತಾರೆ. ಬ್ರಿಟಿಷರು ಅವರನ್ನು ಸೋಲಿಸಲಾಗದೆ 1739ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಡನಮ್ ಅಲ್ಲಿ ಸುಮಾರು ಒಂದು ತಿಂಗಳು ಉಳಿದರು. ಅವರಿಗೆ ನೋಡಬೇಕಿದ್ದದ್ದು ಕೊರೊಮ್ಯಾಂಟಿ ಎಂಬ ಹಳೆಯ ಯುದ್ಧನೃತ್ಯ. ಕೇಳಿದವರೆಲ್ಲ, ಅದನ್ನೀಗ ಯಾರೂ ಕುಣಿಯುವುದಿಲ್ಲ ಎಂದರು. ದಿನಗಳು ಕಳೆದವು. ಅವರು ಊರವರೊಂದಿಗೆ ಉಂಡರು, ಕೆಲಸ ಮಾಡಿದರು, ಹರಟಿದರು. ಕೊನೆಗೆ ಹೊರಡುವ ದಿನ ಹತ್ತಿರವಾದಾಗ, ಊರ ಮುಖ್ಯಸ್ಥ ಇಲ್ಲದ ಒಂದು ರಾತ್ರಿ, ಡೋಲಿನ ಸದ್ದು ಕೇಳಿಸಿತು. ಹಿರಿಯರು ಕುಣಿಯುತ್ತಿದ್ದರು. ಇವರೂ ಜೊತೆಗೂಡಿದರು. ಆ ದಿನಗಳ ಕಥನ 1946ರಲ್ಲಿ ‘ಜರ್ನಿ ಟು ಅಕಾಂಪಾಂಗ್’ ಎಂಬ ಪುಸ್ತಕವಾಯಿತು.

ಮಾರ್ಟಿನಿಕ್, ಟ್ರಿನಿಡಾಡ್ ಮುಗಿಸಿ ಹೈಟಿಗೆ ಬಂದಾಗ ಇನ್ನೂ ಆಳಕ್ಕೆ ಇಳಿದರು. ಅಲ್ಲಿನ ವೊಡೂ ಧರ್ಮದಲ್ಲಿ ಒಂದೊಂದು ದೈವಕ್ಕೂ ಅದರದೇ ಡೋಲಿನ ಬಡಿತ ಇದೆ, ಅದರದೇ ಹೆಜ್ಜೆ ಇದೆ. ಹಾವಿನ ದೈವ ದಂಬಲಾನಿಗೆ ಯಾನ್ವಾಲು: ಮಂಡಿ ಬಾಗಿಸಿ, ಬೆನ್ನುಹುರಿಯನ್ನು ಅಲೆಯಂತೆ ಏರಿಳಿಸುತ್ತ ಕುಣಿಯುವುದು. ಡನಮ್ ಹೊರಗೆ ನಿಂತು ಟಿಪ್ಪಣಿ ಬರೆದುಕೊಂಡು ಬರಲಿಲ್ಲ, ದೀಕ್ಷೆಯನ್ನೇ ಪಡೆದರು. ಹೈಟಿಯ ನೃತ್ಯಗಳ ಬಗ್ಗೆ ಅವರು ಬರೆದ ಪ್ರಬಂಧ ಹೆಜ್ಜೆಗಳ ವಿವರಣೆಗೆ ನಿಲ್ಲುವುದಿಲ್ಲ. ಈ ಕುಣಿತ ಊರಿಗೆ ಯಾವ ಕೆಲಸ ಮಾಡಿಕೊಡುತ್ತದೆ, ಜನರನ್ನು ಹೇಗೆ ಒಟ್ಟಿಗೆ ಹಿಡಿಯುತ್ತದೆ, ದುಃಖವನ್ನೂ ಸಿಟ್ಟನ್ನೂ ಎಲ್ಲಿ ಇಳಿಸುತ್ತದೆ ಎಂಬ ಪ್ರಶ್ನೆಗಳನ್ನೇ ಅದು ಮತ್ತೆ ಮತ್ತೆ ಕೇಳುತ್ತದೆ. ಮೂವತ್ತು ವರ್ಷಗಳ ಬಳಿಕ ಈಸ್ಟ್ ಸೇಂಟ್ ಲೂಯಿಸ್‌ಗೆ ಬರುವಾಗ ಅವರ ಕೈಯಲ್ಲಿದ್ದದ್ದು ಇದೇ ಪ್ರಶ್ನೆ.

ಕುಣಿತ, ಕೀರ್ತಿ, ಪ್ರತಿಭಟನೆ

ಮುಂದಿನ ಎರಡು ದಶಕಗಳ ವೈಭವವನ್ನು ಬೇಗ ಹೇಳಿ ಮುಗಿಸಬಹುದು. ಅದನ್ನು ಬೇಕಾದಷ್ಟು ಜನ ಬರೆದಿದ್ದಾರೆ. 1938ರಲ್ಲಿ ಮಾರ್ಟಿನಿಕ್‌ನ ಕಾಳಗದ ಕುಣಿತವನ್ನು ಆಧರಿಸಿದ ‘ಲಾಗ್ಯಾ’. 1940ರಲ್ಲಿ ಬ್ರಾಡ್‌ವೇಯಲ್ಲಿ ‘ಕ್ಯಾಬಿನ್ ಇನ್ ದ ಸ್ಕೈ’, ನೃತ್ಯ ಸಂಯೋಜಕ ಜಾರ್ಜ್ ಬಾಲಂಚೀನ್ ಜೊತೆ. 1943ರಲ್ಲಿ ‘ಸ್ಟಾರ್ಮಿ ವೆದರ್’ ಸಿನಿಮಾ. 1948ರಲ್ಲಿ ಲಂಡನ್. ನ್ಯೂಯಾರ್ಕಿನಲ್ಲಿ ಅವರು ನಡೆಸಿದ ಶಾಲೆಯಲ್ಲಿ ಗಾಯಕಿ ಅರ್ಥಾ ಕಿಟ್ ಬೆಳೆದರು, ನಟ ಮಾರ್ಲನ್ ಬ್ರ್ಯಾಂಡೊ ಡೋಲು ಬಾರಿಸಲು ಬರುತ್ತಿದ್ದರು. ರಂಗಸಜ್ಜಿಕೆ, ವಸ್ತ್ರವಿನ್ಯಾಸ ಎಲ್ಲ ಪತಿ ಜಾನ್ ಪ್ರಾಟ್ ಅವರದು. ಅವರು ಕೆನಡಾದಲ್ಲಿ ಹುಟ್ಟಿದ ಬಿಳಿಯ. 1941ರಲ್ಲಿ ಇಬ್ಬರೂ ಮದುವೆಯಾದಾಗ ಕಪ್ಪು–ಬಿಳಿ ವಿವಾಹ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಪರಾಧವಾಗಿತ್ತು.

ಪತ್ರಿಕೆಗಳು ಅವರ ಸೊಂಟದ ಬಗ್ಗೆ, ಕಾಲುಗಳ ಬಗ್ಗೆ ಪುಟಗಟ್ಟಲೆ ಬರೆದವು. ಆ ಸೊಂಟದ ಚಲನೆ ಒಂದು ಜನಾಂಗದ ಪ್ರಾರ್ಥನೆಯಿಂದ ಬಂದದ್ದು ಎಂಬುದನ್ನು ಬರೆದವರು ಕಡಿಮೆ. ಮನರಂಜನೆಯವಳು ಎಂಬ ಹಣೆಪಟ್ಟಿ ಅವರನ್ನು ಬಹಳ ಕಾಲ ಕಾಡಿತು. ವಿದ್ವಾಂಸರು ಅವರನ್ನು ನರ್ತಕಿ ಎಂದು ಬದಿಗಿಟ್ಟರು. ರಂಗದವರು ಪುಸ್ತಕದ ಹುಳು ಎಂದರು.

ಅದೇ ವರ್ಷಗಳಲ್ಲಿ ಅವರು ನಡೆಸಿದ ಜಗಳಗಳನ್ನು ಮಾತ್ರ ನಿಧಾನವಾಗಿ ಹೇಳಬೇಕು. 1944ರ ಅಕ್ಟೋಬರ್‌ನಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಪ್ರದರ್ಶನ. ಬಿಳಿಯರಿಗೆ ಒಂದು ಕಡೆ, ಕಪ್ಪು ಜನರಿಗೆ ಇನ್ನೊಂದು ಕಡೆ ಆಸನ. ಆಟ ಮುಗಿದು ಚಪ್ಪಾಳೆ ಬೀಳುತ್ತಿದ್ದಾಗ ಡನಮ್ ಮುಂದೆ ಬಂದು ಸಭಿಕರಿಗೆ ಧನ್ಯವಾದ ಹೇಳಿದರು. ನಮ್ಮಂಥವರು ನಿಮ್ಮ ಪಕ್ಕದಲ್ಲಿ ಕೂರುವ ಹಾಗಾಗುವವರೆಗೆ ಈ ಊರಿಗೆ ನಾನು ಮತ್ತೆ ಬರುವುದಿಲ್ಲ ಎಂದೂ ಹೇಳಿದರು. ಬ್ರೆಜಿಲ್‌ನ ಸಾವ್ ಪಾವ್ಲೊದಲ್ಲಿ ಎಸ್ಪ್ಲನಾಡಾ ಹೋಟೆಲಿನವರು ಬಣ್ಣ ನೋಡಿ ಕೋಣೆ ಕೊಡಲಿಲ್ಲ. ಡನಮ್ ಸುಮ್ಮನೆ ಬೇರೆ ಹೋಟೆಲು ಹುಡುಕಿಕೊಳ್ಳಲಿಲ್ಲ. ವಿಷಯವನ್ನು ಪತ್ರಿಕೆಗಳಿಗೆ ಮುಟ್ಟಿಸಿದರು. ಗದ್ದಲ ಸಂಸತ್ತಿಗೆ ಹೋಯಿತು. 1951ರಲ್ಲಿ ಬ್ರೆಜಿಲ್ ಜನಾಂಗಭೇದವನ್ನು ಅಪರಾಧವೆಂದು ಸಾರುವ ತನ್ನ ಮೊದಲ ಕಾನೂನು ತಂದಿತು. ಅದಕ್ಕೆ ಮಸೂದೆ ಮಂಡಿಸಿದ ಅಫೊನ್ಸೊ ಅರಿನೋಸ್ ಅವರ ಹೆಸರಿದೆ. ಆ ಹೆಸರಿನ ಹಿಂದೆ ಕೋಣೆ ಸಿಗದ ಈ ನರ್ತಕಿಯೂ ಇದ್ದಾರೆ.

1951ರ ಆರಂಭದಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ‘ಸೌತ್‌ಲ್ಯಾಂಡ್’ ಎಂಬ ನೃತ್ಯನಾಟಕ ಆಡಿದರು. ಮಾಡದ ತಪ್ಪಿಗೆ ಒಬ್ಬ ಕಪ್ಪು ಯುವಕನನ್ನು ಗುಂಪು ಹಿಡಿದು ಮರಕ್ಕೆ ನೇಣು ಹಾಕುವ ಕಥೆ. ಅಮೆರಿಕದ ರಾಯಭಾರ ಕಚೇರಿ ಕೆಂಡವಾಯಿತು. ಶೀತಲ ಸಮರದ ಕಾಲ. ದೇಶದ ಮಾನ ಹೊರಗೆ ಹರಾಜಾಗಬಾರದು ಎಂಬುದು ಸರ್ಕಾರದ ವಾದ. ಚಿಲಿಯಲ್ಲಿ ಆಟ ನಿಂತಿತು. 1953ರಲ್ಲಿ ಪ್ಯಾರಿಸ್ಸಿನಲ್ಲಿ ಹಠ ಹಿಡಿದು ಮತ್ತೆ ಆಡಿದರು. ಆ ದಶಕದಲ್ಲಿ ಅಮೆರಿಕ ತನ್ನ ಕಲಾವಿದರನ್ನು ಸರ್ಕಾರದ ಖರ್ಚಿನಲ್ಲಿ ಲೋಕವೆಲ್ಲ ಕಳಿಸಿತು. ಡನಮ್ ತಂಡಕ್ಕೆ ಆ ನೆರವು ಸಿಗಲಿಲ್ಲ. ಟಿಕೆಟ್ ಹಣ, ಸಾಲ, ಸಿನಿಮಾದ ಸಂಪಾದನೆ ಇಷ್ಟರಲ್ಲೇ ತಂಡ ಸಾಕಿದರು. 1950ರ ದಶಕದಲ್ಲಿ ಶಾಲೆ ಮುಚ್ಚಿತು, 1960ರ ಹೊತ್ತಿಗೆ ತಂಡವೂ ಚದುರಿತು. 1963ರಲ್ಲಿ ಮೆಟ್ರೊಪಾಲಿಟನ್ ಅಪೆರಾದ ‘ಆಯಿದಾ’ಗೆ ನೃತ್ಯ ಸಂಯೋಜಿಸಿದರು. ಒಂದು ಬಾಗಿಲು ಮುಚ್ಚುತ್ತಿತ್ತು.

ನದಿಯಾಚೆಯ ಊರು

ಈಸ್ಟ್ ಸೇಂಟ್ ಲೂಯಿಸ್ ಏಕೆ ಹಾಗಾಯಿತು ಎಂಬುದನ್ನು ಹೇಳದೆ ಡನಮ್ ಅಲ್ಲಿ ಮಾಡಿದ್ದನ್ನು ಹೇಳಲಾಗದು. ರೈಲು ಮಾರ್ಗಗಳು ಕೂಡುವ ಜಾಗ ಅದು. ಕಸಾಯಿಖಾನೆಗಳು, ಅಲ್ಯೂಮಿನಿಯಂ ಕಾರ್ಖಾನೆ, ರಾಸಾಯನಿಕ ಕಾರ್ಖಾನೆಗಳು ಬೆಳೆದವು. ಆದರೆ ದೊಡ್ಡ ಕಂಪನಿಗಳು ಊರಿನ ಗಡಿಗೆ ಅಂಟಿಕೊಂಡೇ ತಮ್ಮದೇ ಪುಟ್ಟ ಪುಟ್ಟ ಊರುಗಳನ್ನು ಕಾನೂನುಬದ್ಧವಾಗಿ ಸ್ಥಾಪಿಸಿಕೊಂಡವು. ದನದ ಸಂತೆಗೆ ನ್ಯಾಷನಲ್ ಸಿಟಿ, ಮೊನ್ಸಾಂಟೊ ಕಂಪನಿಗೆ ಈಗ ಸೋಜೆ ಎಂದು ಕರೆಯುವ ಹಳ್ಳಿ. ಹೊಗೆ, ನಾರುವ ನೀರು ಈಸ್ಟ್ ಸೇಂಟ್ ಲೂಯಿಸ್‌ಗೆ. ತೆರಿಗೆ ಮಾತ್ರ ಇಲ್ಲ. ಊರು ಬಡವಾದದ್ದರ ಹಿಂದೆ ಇಂಥ ಲೆಕ್ಕಾಚಾರ ಇತ್ತು. ಅಲ್ಲಿಯ ಜನರ ಸೋಮಾರಿತನ ಎಂದು ಹೇಳುವವರಿಗೆ ಈ ಗಡಿಗಳ ನಕ್ಷೆ ತೋರಿಸಬೇಕು.

ಅದಕ್ಕೂ ಮೊದಲು ರಕ್ತದ ಕಥೆ ಇದೆ. 1917ರಲ್ಲಿ ಮುಷ್ಕರದ ಹೊತ್ತಿಗೆ ದಕ್ಷಿಣದಿಂದ ಬಂದ ಕಪ್ಪು ಕೂಲಿಕಾರರನ್ನು ಕಾರ್ಖಾನೆಯವರು ಸೇರಿಸಿಕೊಂಡರು. ಜುಲೈ ಮೊದಲ ವಾರ ಬಿಳಿಯರ ಗುಂಪುಗಳು ಕಪ್ಪು ಜನರ ಮನೆಗಳಿಗೆ ಬೆಂಕಿ ಇಟ್ಟು, ಹೊರಗೆ ಓಡಿ ಬಂದವರನ್ನು ಗುಂಡಿಟ್ಟು ಕೊಂದವು. ಸರ್ಕಾರಿ ಲೆಕ್ಕದಲ್ಲಿ ಸತ್ತ ಕಪ್ಪು ಜನ 39. ನೂರಕ್ಕೂ ಹೆಚ್ಚು ಎಂದು ಹೇಳುವ ಇತಿಹಾಸಕಾರರಿದ್ದಾರೆ. ಆಚೆ ದಡದ ಸೇಂಟ್ ಲೂಯಿಸ್‌ನಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯ ಮನಸ್ಸಿನಲ್ಲಿ ಆ ದಿನಗಳ ಭಯ ಬೇರೂರಿತು. ಮುಂದೆ ಹೆಸರಾಂತ ನರ್ತಕಿಯಾದ ಜೋಸೆಫಿನ್ ಬೇಕರ್ ಆಕೆ. ದೊಡ್ಡವರಾದ ಮೇಲೆ ಪ್ಯಾರಿಸ್ಸಿಗೆ ಹೋದರು, ಅಲ್ಲಿಯವರೇ ಆದರು. ಅದು ಸಹಜ. ಡನಮ್ ನಡೆದ ದಾರಿ ಎದುರು ದಿಕ್ಕಿನದು: ಪ್ಯಾರಿಸ್ ನೋಡಿ, ಗೆದ್ದು, ಇದೇ ಊರಿಗೆ ಬಂದರು.

ಬರಲು ನೆಪವಾದದ್ದು ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯ. ಪ್ರಾಟ್ ಅವರ ಸೋದರ ಅಲ್ಲಿ ಅಧ್ಯಾಪಕರಾಗಿದ್ದರು. 1960ರ ದಶಕದ ಮಧ್ಯದಲ್ಲಿ ಡನಮ್ ಅಲ್ಲಿ ಅತಿಥಿ ಕಲಾವಿದೆಯಾದರು. ಆ ಬಳಿಕ ಸೆನೆಗಲ್. ಕವಿಯೂ ಅಧ್ಯಕ್ಷರೂ ಆಗಿದ್ದ ಸೆಂಗೋರ್ ಅವರ ಕರೆಯ ಮೇರೆಗೆ ಹೋಗಿ, 1966ರಲ್ಲಿ ಡಕಾರ್‌ನಲ್ಲಿ ನಡೆದ ಕಪ್ಪು ಜನರ ಕಲೆಗಳ ಮೊದಲ ವಿಶ್ವ ಉತ್ಸವದಲ್ಲಿ ಕೆಲಸ ಮಾಡಿದರು. ಮರಳಿದ ಮೇಲೆ ವಿಶ್ವವಿದ್ಯಾಲಯದ ನೆರಳಿನಲ್ಲೇ, ಆದರೆ ಕ್ಯಾಂಪಸ್ಸಿನಿಂದ ದೂರ, ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಪ್ರದರ್ಶನ ಕಲೆಗಳ ತರಬೇತಿ ಕೇಂದ್ರ ತೆರೆದರು.

ಅದು 1967ರ ಬೇಸಿಗೆ. ನ್ಯೂಅರ್ಕ್, ಡೆಟ್ರಾಯ್ಟ್ ನಗರಗಳು ಹೊತ್ತಿ ಉರಿಯುತ್ತಿದ್ದ ಜುಲೈ. ಈಸ್ಟ್ ಸೇಂಟ್ ಲೂಯಿಸ್‌ನ ಹುಡುಗರೂ ಕುದಿಯುತ್ತಿದ್ದರು. ಬ್ಯಾಲೆ ಕಲಿಸುತ್ತೇನೆ ಬನ್ನಿ ಎಂದರೆ ಬರುವವರಲ್ಲ. ಡನಮ್ ಅವರಿದ್ದಲ್ಲಿಗೇ ಹೋದರು. ಬೀದಿ ಮೂಲೆಗಳಲ್ಲಿ, ಬಾರುಗಳಲ್ಲಿ ಕೂತು ಮಾತಾಡಿದರು. ಅಂಥ ಒಂದು ರಾತ್ರಿ ಪೊಲೀಸರು ಹುಡುಗರನ್ನು ಹಿಡಿದೊಯ್ದರು. ಇವರು ಠಾಣೆಗೆ ಹೋಗಿ ಏಕೆ ಹಿಡಿದಿರಿ ಎಂದು ಕೇಳಿದರು. ಕೇಳಿದ ತಪ್ಪಿಗೆ ಇವರನ್ನೂ ಒಳಗೆ ಹಾಕಿದರು. ಯಾರನ್ನು ಕೂಡಿಹಾಕಿದ್ದೇವೆ ಎಂಬುದು ಗೊತ್ತಾದ ಮೇಲೆ ಬಿಟ್ಟರು. ಊರಿನ ಅಧಿಕಾರಿಗಳು ಕ್ಷಮೆ ಕೇಳಿದರು. ಆ ಕೆಲವು ಗಂಟೆಗಳು, ವರ್ಷಗಟ್ಟಲೆ ಭಾಷಣ ಮಾಡಿದರೂ ಆಗದ ಕೆಲಸ ಮಾಡಿದವು. ಈ ಹೆಂಗಸು ನಮಗಾಗಿ ಲಾಕಪ್ಪಿಗೆ ಹೋದವಳು ಎಂಬ ಮಾತು ಕೇರಿ ಕೇರಿಗೆ ಹಬ್ಬಿತು. ಹುಡುಗರು ಬರತೊಡಗಿದರು.

ಬಂದವರಿಗೆ ಮೊದಲು ಸಿಕ್ಕಿದ್ದು ಡೋಲು ಮತ್ತು ಕರಾಟೆ. ಇದರ ಹಿಂದೆ ಅಕಾಂಪಾಂಗಿನ ವಿದ್ಯಾರ್ಥಿನಿ ಇದ್ದಾಳೆ. ಸಿಟ್ಟನ್ನು ಅಡಗಿಸು ಎಂದು ಹೇಳಿ ಪ್ರಯೋಜನವಿಲ್ಲ, ಅದು ಮೈಯಿಂದ ಇಳಿಯಲು ಒಂದು ದಾರಿ ಬೇಕು, ಆ ದಾರಿಗೆ ಶಿಸ್ತು ಬೇಕು. ಹೊಡೆದಾಡುವ ಹುಡುಗ ಕರಾಟೆಯಲ್ಲಿ ಎದುರಾಳಿಗೆ ತಲೆಬಾಗಿ ವಂದಿಸುವುದನ್ನು ಕಲಿಯುತ್ತಾನೆ. ಡೋಲಿನ ಮುಂದೆ ಕೂತವನು ಪಕ್ಕದವನ ಬಡಿತ ಕೇಳಿಸಿಕೊಳ್ಳದೆ ತಾನು ಬಾರಿಸಲಾರ. ಇವೆರಡರ ಬಾಗಿಲಿನಿಂದ ಒಳಗೆ ಬಂದವರಿಗೆ ಮುಂದೆ ನೃತ್ಯ, ನಾಟಕ, ಮರದ ಕೆತ್ತನೆ, ಆಫ್ರಿಕಾದ ಭಾಷೆ, ಇತಿಹಾಸ ಎಲ್ಲ ತೆರೆದುಕೊಂಡವು. ಮೈಕಟ್ಟು, ಉಸಿರು, ಬೆನ್ನುಹುರಿಯ ಚಲನೆಯಿಂದ ಶುರುವಾಗುವ, ಅವರೇ ರೂಪಿಸಿದ ಡನಮ್ ಟೆಕ್ನಿಕ್‌ನಲ್ಲಿ ಬ್ಯಾಲೆಯ ಕಂಬಿಯೂ ಇದೆ, ಹೈಟಿಯ ಯಾನ್ವಾಲುವೂ ಇದೆ. ಗುಡಿಸಲಿನಂಥ ಮನೆಯಿಂದ ಬಂದ ಮಗು, ತನ್ನ ಅಜ್ಜಂದಿರ ಅಜ್ಜಂದಿರು ಕುಣಿದದ್ದು ಲೋಕದ ದೊಡ್ಡ ರಂಗಗಳಿಗೆ ಸಲ್ಲುವಂಥದ್ದು ಎಂಬುದನ್ನು ಮೈಯಲ್ಲೇ ಅರಿಯುತ್ತಿತ್ತು.

ಕಲಿಸಲು ಡನಮ್ ಅಲ್ಲಿ ಇಲ್ಲಿ ಸಿಕ್ಕಿದವರನ್ನು ಕರೆಯಲಿಲ್ಲ. ಡಕಾರ್‌ನಿಂದ ಮೋರ್ ಚಾಮ್ ಎಂಬ ಡೋಲು ಗುರುವನ್ನು ಕರೆತಂದರು. ಜೆಂಬೆ ಎಂಬ ವಾದ್ಯವನ್ನು ಅಮೆರಿಕದ ಕೇರಿಗಳಿಗೆ ಪರಿಚಯಿಸಿದ ಮೊದಲಿಗರಲ್ಲಿ ಅವರೊಬ್ಬರು. ಅವರ ಮಗ ಸೇಂಟ್ ಲೂಯಿಸ್‌ನಲ್ಲೇ ಹುಟ್ಟಿದ. ಹೆಸರು ಏಕಾನ್. 2011ರ ‘ರಾ.ವನ್’ ಸಿನಿಮಾದ ‘ಛಮ್ಮಕ್ ಛಲ್ಲೋ’ ಹಾಡು ಕೇಳಿದವರಿಗೆಲ್ಲ ಆ ದನಿ ಗೊತ್ತು. ನಮ್ಮೂರಿನ ಮದುವೆ ಮೆರವಣಿಗೆಗಳಲ್ಲೂ ಆ ಹಾಡು ಮೊಳಗಿದೆ. ಅದನ್ನು ಹಾಡಿದವನ ಮನೆತನವನ್ನು ಮಿಸಿಸಿಪ್ಪಿಯ ದಂಡೆಗೆ ತಂದದ್ದು ಡನಮ್ ಅವರ ಆ ಕೇಂದ್ರ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ.

ಊರಿನ ಕವಿ ಯೂಜೀನ್ ರೆಡ್ಮಂಡ್ ಜೊತೆಗೂಡಿದರು. ಅಕಾಲದಲ್ಲಿ ತೀರಿಕೊಂಡ ಸ್ಥಳೀಯ ಯುವ ಹೋರಾಟಗಾರ ಟೇಲರ್ ಜೋನ್ಸ್ ನೆನಪಿನಲ್ಲಿ ಊರಿನ ಹುಡುಗರೇ ನೃತ್ಯನಾಟಕ ಆಡಿದರು. ಊರು ತನ್ನ ಸತ್ತವರನ್ನು ತಾನೇ ಕುಣಿದು ನೆನೆಯುವುದನ್ನು ಡನಮ್ ಹೈಟಿಯಲ್ಲಿ ಕಂಡಿದ್ದರು. 1970ರಲ್ಲಿ ಮಕ್ಕಳ ಕುರಿತ ಶ್ವೇತಭವನದ ಸಮ್ಮೇಳನಕ್ಕೆ ಇಲ್ಲಿಯ ಮಕ್ಕಳನ್ನು ವಾಷಿಂಗ್ಟನ್‌ಗೆ ಕರೆದೊಯ್ದರು. ಮರುವರ್ಷ ವಾಸ್ತುವಿಜ್ಞಾನಿ ಬಕ್‌ಮಿನ್‌ಸ್ಟರ್ ಫುಲ್ಲರ್ ಈ ಊರಿಗಾಗಿ ಒಂದು ಮೈಲಿ ಅಗಲದ ಗುಮ್ಮಟದ ಕೆಳಗೆ 25,000 ಕುಟುಂಬಗಳು ವಾಸಿಸುವ ನಗರದ ನಕ್ಷೆ ಬರೆದರು. ಅದು ಕಾಗದದಲ್ಲೇ ಉಳಿಯಿತು. ಡನಮ್ ಮಾಡಿದ್ದು ಸಣ್ಣ ಕೆಲಸ, ಆದರೆ ನೆಲದ ಮೇಲೆ ನಿಂತ ಕೆಲಸ. ಪೆನ್ಸಿಲ್ವೇನಿಯಾ ಅವೆನ್ಯೂದ ಹಳೆಯ ದೊಡ್ಡ ಮನೆಯೊಂದರಲ್ಲಿ 1977ರಲ್ಲಿ ಮ್ಯೂಸಿಯಂ ತೆರೆದರು. ಲೋಕ ಸುತ್ತುವಾಗ ಕೂಡಿಸಿದ ಮುಖವಾಡಗಳು, ಡೋಲುಗಳು, ಪ್ರಾಟ್ ವಿನ್ಯಾಸದ ಉಡುಪುಗಳು ಎಲ್ಲ ಅಲ್ಲಿಗೆ ಬಂದವು. ನ್ಯೂಯಾರ್ಕಿನ ಯಾವುದಾದರೂ ಮ್ಯೂಸಿಯಂ ಕೈಚಾಚಿ ತೆಗೆದುಕೊಳ್ಳುತ್ತಿದ್ದ ವಸ್ತುಗಳು ಅವು. ಅವರು ಅವನ್ನು ಈ ಮಕ್ಕಳ ಕಣ್ಣಳತೆಯಲ್ಲಿ ಇಟ್ಟರು.

ಊರು ಚೇತರಿಸಿಕೊಂಡಿತೆ? ಇಲ್ಲ. ಹೌದೆಂದು ಬರೆದರೆ ಸುಳ್ಳಾಗುತ್ತದೆ. 1950ರಲ್ಲಿ 82,000ಕ್ಕೂ ಹೆಚ್ಚಿದ್ದ ಜನಸಂಖ್ಯೆ 1990ಕ್ಕೆ 41,000ದ ಆಸುಪಾಸಿಗೆ ಇಳಿಯಿತು. ಕಸ ಎತ್ತಲು ಪುರಸಭೆಯ ಬಳಿ ಹಣವಿರಲಿಲ್ಲ. ಜೈಲಿನಲ್ಲಿ ಪೆಟ್ಟು ತಿಂದವನೊಬ್ಬನಿಗೆ ಪರಿಹಾರ ಕೊಡಲಾಗದೆ 1990ರಲ್ಲಿ ಪುರಭವನದ ಕಟ್ಟಡವನ್ನೇ ನ್ಯಾಯಾಲಯ ಅವನ ಹೆಸರಿಗೆ ಬರೆಯಿತು. ಮರುವರ್ಷ ಜೊನಾಥನ್ ಕೋಜೊಲ್ ಅಮೆರಿಕದ ಶಾಲೆಗಳ ಅಸಮಾನತೆ ಕುರಿತ ತಮ್ಮ ಪುಸ್ತಕವನ್ನು ಈ ಊರಿನಿಂದಲೇ ಶುರು ಮಾಡಿದರು. ಅನುದಾನ ಬಂದಾಗ ಕೇಂದ್ರ ಹಿಗ್ಗಿತು, ನಿಂತಾಗ ಕುಗ್ಗಿತು. ನೃತ್ಯ ಕಲಿಸಿ ಊರಿನ ತೆರಿಗೆ ಆದಾಯ ಹೆಚ್ಚಿಸಲಾಗುವುದಿಲ್ಲ. ಕಂಪನಿಗಳು ಎಳೆದ ಗಡಿಗಳನ್ನು ಅಳಿಸಲಾಗುವುದಿಲ್ಲ. ಹಾಗೆಂದು ಅವರ ಕೆಲಸ ಸೋತಿತು ಎನ್ನುವವರು ತಪ್ಪು ತಕ್ಕಡಿ ಹಿಡಿದಿದ್ದಾರೆ ಎಂದೇ ನನ್ನ ಅಭಿಪ್ರಾಯ. ಸರ್ಕಾರ, ಕೈಗಾರಿಕೆ ಎರಡೂ ಕೈಬಿಟ್ಟ ಜಾಗದಲ್ಲಿ ಒಬ್ಬ ಕಲಾವಿದೆಯಿಂದ ಊರಿನ ಉದ್ಧಾರವನ್ನು ನಿರೀಕ್ಷಿಸುವುದು ಅನ್ಯಾಯ. ಎಲ್ಲರೂ ಬಿಟ್ಟುಹೋಗುತ್ತಿದ್ದ ವರ್ಷಗಳಲ್ಲಿ, ಪ್ರತಿದಿನ ಸಂಜೆ ಮಕ್ಕಳು ಹೋಗಲು ಒಂದು ಜಾಗವಿತ್ತು. ಅಲ್ಲಿ ಅವರನ್ನು ಹೆಸರು ಹಿಡಿದು ಕರೆಯುವ, ತಪ್ಪಿದರೆ ಗದರುವ, ಲೋಕ ಕಂಡ ಹಿರಿಯರಿದ್ದರು.

ನಲವತ್ತೇಳು ದಿನ

ಪ್ರಶಸ್ತಿಗಳು ಬಂದವು: 1983ರಲ್ಲಿ ಕೆನಡಿ ಸೆಂಟರ್ ಗೌರವ, 1989ರಲ್ಲಿ ರಾಷ್ಟ್ರೀಯ ಕಲಾ ಪದಕ. 1986ರಲ್ಲಿ ಪ್ರಾಟ್ ತೀರಿಕೊಂಡರು. ಮಂಡಿಗಳು ಸೋತು ಗಾಲಿಕುರ್ಚಿ ಬಂತು. ಇನ್ನು ಇವರ ಹೋರಾಟ ಮುಗಿಯಿತು ಎಂದು ಯಾರಾದರೂ ಎಣಿಸಿದ್ದರೆ ಅದು ಸಹಜವೇ.

1991ರ ಸೆಪ್ಟೆಂಬರ್‌ನಲ್ಲಿ ಹೈಟಿಯ ಚುನಾಯಿತ ಅಧ್ಯಕ್ಷ ಅರಿಸ್ಟೀಡ್ ಅವರನ್ನು ಸೈನ್ಯ ಕೆಳಗಿಳಿಸಿತು. ಸಾವಿರಾರು ಜನ ಮುರುಕು ದೋಣಿಗಳಲ್ಲಿ ಫ್ಲಾರಿಡಾದತ್ತ ಹೊರಟರು. ಅಮೆರಿಕದ ಕರಾವಳಿ ಪಡೆ ಅವರನ್ನು ಸಮುದ್ರದಲ್ಲೇ ತಡೆಯಿತು. ಅವರನ್ನು ವಾಪಸು ಕಳಿಸುವುದಕ್ಕಿದ್ದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ 1992ರ ಜನವರಿ 31ರಂದು ತೆಗೆದುಹಾಕಿತು. ಮರುದಿನ ಡನಮ್ ಈಸ್ಟ್ ಸೇಂಟ್ ಲೂಯಿಸ್‌ನ ತಮ್ಮ ಮನೆಯಲ್ಲಿ ಉಪವಾಸ ಕೂತರು. ಆಗ ಅವರಿಗೆ 82 ವರ್ಷ.

ಹೈಟಿಗೆ ಅವರ ಋಣ ದೊಡ್ಡದು. ಕಲೆ ಅಲ್ಲಿಂದ ಬಂದದ್ದು, ದೀಕ್ಷೆ ಅಲ್ಲಿ ಆದದ್ದು. ತಮ್ಮ ತೋಟದ ಮನೆಯಲ್ಲಿ ಬಡವರಿಗೆ ಉಚಿತ ಚಿಕಿತ್ಸಾಲಯ ನಡೆಸಿ ಒಂದಿಷ್ಟು ತೀರಿಸಲು ನೋಡಿದ್ದರು. ಆದರೆ ಈ ಉಪವಾಸ ನಡೆದ ಜಾಗವನ್ನೂ ಗಮನಿಸಬೇಕು. ವಾಷಿಂಗ್ಟನ್‌ನಲ್ಲಿ ಶ್ವೇತಭವನದ ಎದುರು ಕೂರಬಹುದಿತ್ತು, ಕ್ಯಾಮೆರಾಗಳು ಅಲ್ಲಿ ಹೆಚ್ಚು. ಅವರು ಕೂತದ್ದು ಅಮೆರಿಕದ ಸರ್ಕಾರ ತಿರುಗಿ ನೋಡದ ಒಂದು ಊರಿನಲ್ಲಿ, ಆ ಊರಿನ ಜನರ ನಡುವೆ. ಕ್ಯಾಮೆರಾಗಳೇ ಅಲ್ಲಿಗೆ ಬರಬೇಕಾಯಿತು. ಹೈಟಿಯ ಸುದ್ದಿ ಮಾಡಲು ಬಂದವರು ಈಸ್ಟ್ ಸೇಂಟ್ ಲೂಯಿಸ್‌ನ ಬೀದಿಗಳನ್ನೂ ನೋಡಿದರು. ಸೇಂಟ್ ಲೂಯಿಸ್‌ನಲ್ಲೇ ಹುಟ್ಟಿದ ಹಾಸ್ಯಗಾರ, ಹೋರಾಟಗಾರ ಡಿಕ್ ಗ್ರೆಗರಿ ಬಂದು ಜೊತೆಗೂಡಿದರು. ನಾಗರಿಕ ಹಕ್ಕುಗಳ ನಾಯಕ ಜೆಸ್ಸಿ ಜ್ಯಾಕ್ಸನ್ ಬಂದರು. ಕೊನೆಗೆ ಗಡೀಪಾರಾಗಿದ್ದ ಅರಿಸ್ಟೀಡ್ ಅವರೇ ಬಂದು, ನೀವು ಬದುಕಿರಬೇಕು, ಬಿಡಿ ಎಂದು ಬೇಡಿಕೊಂಡರು. ನಲವತ್ತೇಳು ದಿನಗಳಿಗೆ ಉಪವಾಸ ನಿಂತಿತು. ಸರ್ಕಾರದ ನೀತಿ ಆಗ ಬದಲಾಗಲಿಲ್ಲ. ಎರಡು ವರ್ಷಗಳ ಬಳಿಕ ಅರಿಸ್ಟೀಡ್ ತಮ್ಮ ದೇಶಕ್ಕೆ ಮರಳಿದರು. ಹೈಟಿ ಡನಮ್ ಅವರಿಗೆ ಗೌರವ ಪೌರತ್ವ ಕೊಟ್ಟಿತು.

ಅವರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ದುಡಿದದ್ದೆಲ್ಲ ತಂಡಕ್ಕೆ, ಶಾಲೆಗೆ, ಕೇಂದ್ರಕ್ಕೆ ಸುರಿದಿದ್ದರು. ಆರೋಗ್ಯ ಕೆಟ್ಟಾಗ ಗೆಳೆಯರು, ಹಳೆಯ ಶಿಷ್ಯರು ನ್ಯೂಯಾರ್ಕಿಗೆ ಕರೆದೊಯ್ದು ನೋಡಿಕೊಂಡರು. 2000ದಲ್ಲಿ ಡೋರಿಸ್ ಡ್ಯೂಕ್ ಪ್ರತಿಷ್ಠಾನ ಕೊಟ್ಟ ಹತ್ತು ಲಕ್ಷ ಡಾಲರ್‌ನಿಂದ ಅಮೆರಿಕದ ಸಂಸತ್ ಗ್ರಂಥಾಲಯ ಅವರ ಚಿತ್ರಗಳು, ಕಾಗದಪತ್ರಗಳನ್ನು ಕಾಪಿಡುವ ಕೆಲಸ ಕೈಗೊಂಡಿತು. ಹೈಟಿಯಲ್ಲಿ, ಮಾರ್ಟಿನಿಕ್‌ನಲ್ಲಿ 1930ರ ದಶಕದಲ್ಲಿ ಅವರೇ ಕ್ಯಾಮೆರಾ ಹಿಡಿದು ತೆಗೆದ ಕುಣಿತದ ದೃಶ್ಯಗಳು ಈಗ ಸಂಶೋಧಕರಿಗೆ ಸಿಗುತ್ತವೆ. 2006ರ ಮೇ 21ರಂದು, 97 ತುಂಬಲು ಒಂದು ತಿಂಗಳಿರುವಾಗ, ನಿದ್ದೆಯಲ್ಲೇ ತೀರಿಕೊಂಡರು.

ಈಸ್ಟ್ ಸೇಂಟ್ ಲೂಯಿಸ್‌ನ ಜನಸಂಖ್ಯೆ 2020ರ ಗಣತಿಯಲ್ಲಿ ಇನ್ನೂ ಇಳಿದು 18,469ಕ್ಕೆ ಬಂದಿದೆ. ಪೆನ್ಸಿಲ್ವೇನಿಯಾ ಅವೆನ್ಯೂದ ಮ್ಯೂಸಿಯಂ ಹಣದ ಮುಗ್ಗಟ್ಟಿನಲ್ಲೇ ಉಳಿದುಕೊಂಡು ಬಂದಿದೆ. ಡನಮ್ ಟೆಕ್ನಿಕ್ ಅನ್ನು ಪ್ರಮಾಣಪತ್ರ ಪಡೆದ ಶಿಕ್ಷಕರು ಇಂದಿಗೂ ಕಲಿಸುತ್ತಾರೆ, ದೂರದೂರದಿಂದ ನರ್ತಕರು ಬಂದು ಕಲಿಯುತ್ತಾರೆ. ಊರಿನ ಮಕ್ಕಳಿಗಾಗಿ ಅವರು ನಡೆಸಿದ ಕಾರ್ಯಾಗಾರಗಳಲ್ಲಿ ಹುಡುಗ ಹುಡುಗಿಯರಾಗಿ ಡೋಲು ಹಿಡಿದವರು ದೊಡ್ಡವರಾದರು. ಅವರಲ್ಲಿ ಕೆಲವರು ಊರು ಬಿಡಲಿಲ್ಲ. ತಮ್ಮ ಗುರು ಕಲಿಸಿದ ಹೆಜ್ಜೆಗಳನ್ನು, ಕಲಿಸಿದ ಕ್ರಮದಲ್ಲೇ, ಮುಂದಿನ ಮಕ್ಕಳಿಗೆ ದಾಟಿಸಿದರು.